ಪದ ಪರಿಚಯ: ಮಿಮೋಸಾ ಮರ

‘ಮಿಮೋಸಾ’ ಎಂಬ ಹೆಸರು, ಅನುಕರಿಸುವವನು ಎಂಬ ಅರ್ಥದ ‘ಮಿಮೋಸ್’ ಎಂಬ ಗ್ರೀಕ್ ಪದದಿಂದ ಬಂದದ್ದು. ಮುಟ್ಟಿದರೆ ಮುನಿ ಗಿಡವು ಬೆರಳು ತಾಗಿದೊಡನೆ ಎಲೆ ಮುದುಡಿಕೊಂಡು ಪ್ರಾಣಿಗಳ ಸ್ಪರ್ಶಜ್ಞಾನವನ್ನು ನಟಿಸುತ್ತದೆ ಎಂಬ ಕಲ್ಪನೆ ಅದರ ಹಿಂದಿದೆ. ಆದರೆ 500ಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಲದಲ್ಲಿ ಹೀಗೆ ಥಟ್ಟನೆ ಮುದುಡುವವು ಕೆಲವು ಮಾತ್ರ. ಉಳಿದವುಗಳಲ್ಲಿ ಬಳ್ಳಿಗಳಿವೆ, ಪೊದೆಗಳಿವೆ, ನೆರಳು ಕೊಡುವಷ್ಟು ಬೆಳೆಯುವ ಮರಗಳೂ ಇವೆ; ಬಹುಪಾಲು ಅಮೆರಿಕ ಖಂಡಗಳ ಉಷ್ಣವಲಯದವು.

ಹೆಸರಿನ ಗೊಂದಲಕ್ಕೆ ದೀರ್ಘ ಇತಿಹಾಸವಿದೆ. 1753ರಲ್ಲಿ ಲಿನೇಯಸ್ ಸಸ್ಯಗಳಿಗೆ ಹೆಸರಿಟ್ಟಾಗ, ನಾವು ಬಾಗೆ, ಕರಿಜಾಲಿ ಎಂದು ಕರೆಯುವ ಮರಗಳನ್ನೂ ಮಿಮೋಸಾ ಕುಲಕ್ಕೇ ಸೇರಿಸಿದ್ದರು. ಮುಂದೆ ಸಸ್ಯವಿಜ್ಞಾನಿಗಳು ಅವನ್ನು ಬೇರೆ ಕುಲಗಳಿಗೆ ಹಂಚಿದರೂ ಜನರ ಬಾಯಲ್ಲಿ ಈ ಹೆಸರು ಸಡಿಲವಾಗಿಯೇ ಉಳಿದಿದೆ. ಯುರೋಪಿನ ಹೂವಿನಂಗಡಿಯಲ್ಲಿ ಮಿಮೋಸಾ ಎಂದರೆ ಆಸ್ಟ್ರೇಲಿಯ ಮೂಲದ ಹಳದಿ ಹೂವಿನ ಅಕೇಶಿಯ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಏಷ್ಯಾ ಮೂಲದ, ನಸುಗೆಂಪು ಹೂವಿನ ಅಲ್ಬಿಜಿಯ.

ಈ ಮೂರನ್ನು ಬೇರ್ಪಡಿಸಲು ಎಲೆಯನ್ನು ನಂಬುವುದು ಸರಿಯಲ್ಲ, ಏಕೆಂದರೆ ಗರಿಯಂಥ ಎಲೆ ಮೂರರಲ್ಲೂ ಕಾಣಸಿಗುತ್ತದೆ. ನೋಡಬೇಕಾದದ್ದು ಕೇಸರಗಳನ್ನು. ಒಂದು ಹೂವೆಂದು ತೋರುವ ಉಂಡೆ ವಾಸ್ತವವಾಗಿ ಹತ್ತಾರು ಪುಟ್ಟ ಹೂಗಳ ಗೊಂಚಲು. ಅದರಿಂದ ಒಂದನ್ನು ಸೂಜಿಮೊನೆಯಲ್ಲಿ ಬಿಡಿಸಿ ಭೂತಗನ್ನಡಿಯ ಕೆಳಗಿಟ್ಟು ಎಣಿಸಿದರೆ, ಮಿಮೋಸಾದಲ್ಲಿ ಕೇಸರಗಳು ದಳಗಳಷ್ಟೇ ಅಥವಾ ದಳಗಳ ಇಮ್ಮಡಿ ಇರುತ್ತವೆ, ಸಾಮಾನ್ಯವಾಗಿ ಹತ್ತನ್ನು ದಾಟುವುದಿಲ್ಲ. ಎಣಿಕೆ ತಪ್ಪಿಹೋಗುವಷ್ಟು ಕೇಸರಗಳಿದ್ದು ಅವು ಬಿಡಿಬಿಡಿಯಾಗಿದ್ದರೆ ಅಕೇಶಿಯ, ಬುಡದಲ್ಲಿ ಬೆಸೆದು ಕೊಳವೆಯಂತಾಗಿದ್ದರೆ ಅಲ್ಬಿಜಿಯ. ಹೂವಿಲ್ಲದ ಕಾಲದಲ್ಲಿ ಕಾಯಿ ನೆರವಾಗುತ್ತದೆ: ಅನೇಕ ಮಿಮೋಸಾಗಳ ಒಣಗಿದ ಕಾಯಿಯು ಒಂದೊಂದು ಬೀಜದ ತುಂಡುಗಳಾಗಿ ಉದುರಿ, ಅಂಚಿನ ನಾರು ಮಾತ್ರ ಗಾಜು ಕಳಚಿದ ಕನ್ನಡಕದ ಚೌಕಟ್ಟಿನಂತೆ ಕೊಂಬೆಯಲ್ಲೇ ನೇತಾಡುತ್ತಿರುತ್ತದೆ.

ಎಲೆಯನ್ನು ನಂಬಿದವರು ಖಂಡಿತ ಮೋಸಹೋಗುವ ಮರವೆಂದರೆ ಮಿಮೋಸಾ ಸೀಸಾಲ್ಪಿನಿಫೋಲಿಯ. ಬ್ರೆಜಿಲ್‌ನ ಈಶಾನ್ಯದ ಒಣ ಪ್ರದೇಶವಾದ ಕಾಟಿಂಗಾ ಇದರ ತವರು. ಅಲ್ಲಿ ಇದನ್ನು ‘ಸಬಿಯಾ’ ಎನ್ನುತ್ತಾರೆ. ಅದು ಒಂದು ಹಕ್ಕಿಯ ಹೆಸರೂ ಹೌದು. ಇದರ ಕಿರುಎಲೆಗಳು ಗರಿಯಂತಿರದೆ ಅಗಲವಾಗಿದ್ದು, ಎಣಿಕೆಯಲ್ಲಿ ಕೆಲವೇ ಇರುತ್ತವೆ. ಸೀಸಾಲ್ಪಿನಿಯ ಗಿಡದಂಥ ಎಲೆಯುಳ್ಳದ್ದು ಎಂದೇ ಪ್ರಭೇದದ ಹೆಸರಿನ ಅರ್ಥ. ಬಿಳಿ ಹೂಗಳು ಉಂಡೆಯಾಗಿರದೆ ತೆನೆಯಂತೆ ನೀಳವಾಗಿರುತ್ತವೆ. ಬುಡದಿಂದಲೇ ಹಲವು ಕಾಂಡಗಳು ಕವಲೊಡೆಯುತ್ತವೆ, ರೆಂಬೆಗಳಲ್ಲಿ ಮುಳ್ಳುಗಳಿರುತ್ತವೆ. ಮುಳ್ಳಿಲ್ಲದ ಬಗೆಯೂ ಉಂಟು. ಗಟ್ಟಿಯಾದ ಕಟ್ಟಿಗೆ ಬೇಲಿಗೂಟಕ್ಕೆ ಹೆಸರಾಗಿದೆ.

ಬೆಳೆಸುವಲ್ಲಿ ಮೊದಲ ತೊಡಕು ಬೀಜದ ಸಿಪ್ಪೆ. ನೀರನ್ನು ಒಳಗೆ ಬಿಡದಷ್ಟು ಗಟ್ಟಿಯಾದ ಆ ಸಿಪ್ಪೆಯಿಂದಾಗಿ, ಹಾಗೆಯೇ ಬಿತ್ತಿದ ಬೀಜಗಳಲ್ಲಿ ಒಂದಿಷ್ಟು ಬೇಗ ಮೊಳೆತು ಉಳಿದವು ತಿಂಗಳುಗಟ್ಟಲೆ ಮಣ್ಣಿನಲ್ಲಿ ಸುಮ್ಮನಿರುತ್ತವೆ. ಆದ್ದರಿಂದ ಕುದಿಸಿ ಒಲೆಯಿಂದಿಳಿಸಿದ ನೀರಿಗೆ ಬೀಜವನ್ನು ಹಾಕಿ, ಅದೇ ನೀರಿನಲ್ಲಿ ರಾತ್ರಿಯಿಡೀ ತಣಿಯಲು ಬಿಡಬೇಕು. ಬೆಳಿಗ್ಗೆ ಉಬ್ಬಿದವನ್ನು ಆರಿಸಿ ಸುಮಾರು ಒಂದು ಸೆಂಟಿಮೀಟರ್ ಆಳದಲ್ಲಿ ಬಿತ್ತಿ, ಉಬ್ಬದವುಗಳ ಸಿಪ್ಪೆಯನ್ನು ಮರಳುಕಾಗದದಲ್ಲಿ ತುಸು ಉಜ್ಜಿ ಮತ್ತೆ ನೆನೆಸಬಹುದು. ಸಸಿಗೆ ಪೂರ್ಣ ಬಿಸಿಲು ಮತ್ತು ನೀರು ಬಸಿದುಹೋಗುವ ಮಣ್ಣು ಬೇಕು. ಹಿಮ ಬೀಳುವಲ್ಲಿ ಈ ಮರದ ಆಸೆ ಬಿಡುವುದೇ ಲೇಸು.

ಬೇರಿನ ಗಂಟುಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಮರಕ್ಕೆ ಒದಗಿಸುವುದರಿಂದ ಬಡ ಮಣ್ಣಿನಲ್ಲೂ ಇದು ಏಳುತ್ತದೆ. ಸಸಿಯೊಂದನ್ನು ಕಿತ್ತು ಒಂದು ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣ ಕಂಡರೆ ಆ ಕೆಲಸ ನಡೆಯುತ್ತಿದೆ ಎಂದರ್ಥ. ಕಡಿದರೆ ಬುಡ ಮತ್ತೆ ಚಿಗುರುತ್ತದೆ; ಆಗ ಏಳುವ ಕುಡಿಗಳಲ್ಲಿ ನೆಟ್ಟಗಿನ ಒಂದೆರಡನ್ನು ಉಳಿಸಿ ಮಿಕ್ಕವನ್ನು ಸವರದಿದ್ದರೆ, ಮರದ ಬದಲು ದಾಟಲಾಗದ ಮುಳ್ಳಿನ ಪೊದೆ ಬೆಳೆಯುತ್ತದೆ.