ಮರ ಬಿದ್ದರೆ ಸಿಟ್ಟು ಬರಲ್ಲ, ಯಾಕೆ?

ಜುಲೈನಲ್ಲಿ ಕೊಡಗಿನ ನಾಪೋಕ್ಲು ಕಡೆ ಮೂರು ದಿನ ಕರೆಂಟ್ ಇಲ್ಲ ಅಂದರೆ ಯಾರೂ ಬೆಚ್ಚಿ ಬೀಳುವುದಿಲ್ಲ. ತೋಟದ ನಡುವಿನ ಲೈನ್ ಮೇಲೆ ಸಿಲ್ವರ್ ಓಕ್ ಮುರಿದು ಬಿದ್ದಿರುತ್ತದೆ, ಲೈನ್‌ಮನ್‌ಗಳು ಮಳೆಯಲ್ಲೇ ಕಂಬ ಹತ್ತುತ್ತಿರುತ್ತಾರೆ, ನಾವು ಬಚ್ಚಲ ಒಲೆಗೆ ಸೌದೆ ತುರುಕಿ ಹಂಡೆಯಲ್ಲಿ ನೀರು ಕಾಯಿಸಿಕೊಳ್ಳುತ್ತೇವೆ. ಅದೇ ನಮಗೆ ಮಾರ್ಚ್‌ನಲ್ಲಿ 'ಸಂಜೆ ಹೊತ್ತು ಗೀಸರ್ ಹಾಕಬೇಡಿ' ಅಂತ ಹೇಳಿ ನೋಡಿ. ಜಗಳವೇ.

ಸಂಜೆಯೇ ಯಾಕೆ? ಗ್ರಿಡ್‌ನಲ್ಲಿ ಎಷ್ಟು ಬಳಕೆಯೋ ಹೆಚ್ಚುಕಮ್ಮಿ ಅಷ್ಟೇ ಉತ್ಪಾದನೆ ಆಯಾ ಕ್ಷಣದಲ್ಲೇ ಆಗುತ್ತಿರಬೇಕು. ಬಳಕೆ ಜಾಸ್ತಿಯಾದರೆ ಜನರೇಟರ್‌ಗಳು, ಲೋಡ್ ತುಂಬಿದ ಜೀಪು ಏರಿನಲ್ಲಿ ದಮ್ಮು ಕಳೆದುಕೊಂಡ ಹಾಗೆ, ನಿಧಾನವಾಗುತ್ತವೆ. 50 ಹರ್ಟ್ಸ್ ಇರಬೇಕಾದ ಆವರ್ತನ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಗುತ್ತದೆ ಅನ್ನುವ ಲೆಕ್ಕ) ಇಳಿಯುತ್ತದೆ. ಸಂಜೆ ಸೋಲಾರ್ ಕೈಬಿಡುತ್ತದೆ, ಅದೇ ಹೊತ್ತಿಗೆ ಊರೆಲ್ಲ ಸ್ವಿಚ್ ಒತ್ತುತ್ತದೆ. 2000 ವಾಟ್ ಗೀಸರ್ ಅರ್ಧ ಗಂಟೆ ಉರಿದರೆ 1 ಯೂನಿಟ್. ಅಷ್ಟೇ ಕರೆಂಟಿನಲ್ಲಿ 9 ವಾಟ್‌ನ ಎಲ್‌ಇಡಿ ಬಲ್ಬ್ 110 ಗಂಟೆ ಉರಿಯುತ್ತದೆ. (ಲೈಟ್ ಆರಿಸಲಿಲ್ಲ ಅಂತ ಮಕ್ಕಳಿಗೆ ಬೈಯುವುದು ಸುಮ್ನೆ ಬಾಯಿ ನೋವು.)

ಅಲಾಸ್ಕಾದ ಜೂನೋ ನಮ್ಮಂಥದ್ದೇ ಊರು: ಬೆಟ್ಟ, ಮಳೆ, ಕಾಡು ದಾಟಿ ಬರುವ ಜಲವಿದ್ಯುತ್. 2008ರ ಏಪ್ರಿಲ್‌ನಲ್ಲಿ ಹಿಮ ಕುಸಿದು ಆ ಲೈನ್ ಕಿತ್ತುಹೋಯಿತು. ಡೀಸೆಲ್ ಜನರೇಟರ್‌ಗಳೇ ಗತಿ, ದರ ಸುಮಾರು 5 ಪಟ್ಟು. ಜನ ಬಟ್ಟೆಯನ್ನು ಹಗ್ಗದ ಮೇಲೆ ಒಣಹಾಕಿದರು, ಅಂಗಡಿಗಳು ದೀಪ ಕಮ್ಮಿ ಮಾಡಿದವು, ಕೆಲವೇ ವಾರಗಳಲ್ಲಿ ಬಳಕೆ ಕಾಲುಭಾಗಕ್ಕಿಂತ ಜಾಸ್ತಿ ಇಳಿಯಿತು. ದರದ ಹೊಡೆತ ಇತ್ತು, ನಿಜ. ಆದರೆ ಕಾರಣ ಕಣ್ಣೆದುರಿಗೇ ಇತ್ತು, ಕಷ್ಟ ಎಲ್ಲರಿಗೂ ಒಂದೇ ಆಗಿತ್ತು, ಲೈನ್ ಸರಿಯಾದರೆ ಮುಗಿಯುತ್ತದೆ ಅನ್ನುವುದೂ ಗೊತ್ತಿತ್ತು. ನಮ್ಮ ಸಿಲ್ವರ್ ಓಕ್ ಕಥೆಯೂ ಅದೇ ಅಲ್ವಾ?

ಇಟಲಿಯಲ್ಲಿ ಬಹಳಷ್ಟು ಮನೆಗಳಿಗೆ ಸಿಗುವುದೇ 3 ಕಿಲೋವಾಟ್. ಓವನ್, ವಾಷಿಂಗ್ ಮಷಿನ್ ಒಟ್ಟಿಗೆ ಹಾಕಿದರೆ ಮೀಟರ್ ಟ್ರಿಪ್ ಆಗುವುದುಂಟು. ಅಲ್ಲಿ ಯಾರೂ ಬೀದಿಗಿಳಿಯುವುದಿಲ್ಲ, ಹುಟ್ಟಿದಾಗಿನಿಂದ ಅಭ್ಯಾಸ.

ನಮಗೂ 2023ರಿಂದ ಉಚಿತ ಕರೆಂಟಿನ ಗೃಹಜ್ಯೋತಿ ಬಂದಿದೆ: 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ನಮ್ಮ ಮನೆಯಲ್ಲಿ ತಿಂಗಳ ಕೊನೆಯ ವಾರ ಮೀಟರ್ ನೋಡುವುದು ಅತ್ತೆಯ ಕೆಲಸ. 185 ಕಂಡರೆ ಸಾಕು, ಗೀಸರ್ ಬಂದ್, ಹಂಡೆಗೆ ಸೌದೆ. ಯಾರೂ ತುಟಿಪಿಟಕ್ ಅನ್ನುವುದಿಲ್ಲ.