ಅಪರಿಚಿತರ ಅಂಗಡಿ, ಪರಿಚಿತರ ಖಾತೆ

ವ್ಯಾಪಾರಕ್ಕೊಂದು ಜಾಲತಾಣ ಮಾಡಿಸಲು ಹೊರಟವರ ಮುಂದೆ ಬೇಗನೆ ಬಂದು ನಿಲ್ಲುವ ಪ್ರಶ್ನೆ, ಈಗಾಗಲೇ ಇರುವ ಗ್ರಾಹಕರು ಲಾಗಿನ್ ಆಗಿ ತಮ್ಮ ವ್ಯವಹಾರ ನೋಡಿಕೊಳ್ಳುವ ಗ್ರಾಹಕ ಪೋರ್ಟಲ್ ಬೇಕೋ ಅಥವಾ ಯಾರು ಬೇಕಾದರೂ ಬಂದು ಕೊಳ್ಳುವ ಜಾಲದ ಅಂಗಡಿ, ಅಂದರೆ ಇ-ಕಾಮರ್ಸ್ ವೇದಿಕೆ ಬೇಕೋ ಎಂಬುದು. ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಹುಡುಕುವ ಬಗೆಯನ್ನು ಕಂಡಾಗ ಮಾತ್ರ ನನಗೆ ತಾಳ್ಮೆ ತಪ್ಪುತ್ತದೆ. ಎರಡೂ ಬಗೆಯ ತಂತ್ರಾಂಶಗಳ ಸೌಲಭ್ಯಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟುಕೊಂಡು, ಯಾವುದರಲ್ಲಿ ಸಾಲುಗಳು ಹೆಚ್ಚಿವೆ ಎಂದು ಎಣಿಸಿ ತೀರ್ಮಾನಿಸುವುದು ರೂಢಿಯಾಗಿಬಿಟ್ಟಿದೆ. ಇಂದು ಎರಡರಲ್ಲೂ ಲಾಗಿನ್ ಇರುತ್ತದೆ, ಎರಡರಲ್ಲೂ ಖರೀದಿಯ ಗುಂಡಿ ಇರುತ್ತದೆ, ಎರಡರಲ್ಲೂ ಹಳೆಯ ಆರ್ಡರುಗಳನ್ನು ನೋಡುವ ಪುಟವಿರುತ್ತದೆ. ಹಾಗಾಗಿ ಅಂಗಡಿಗೆ ಲಾಗಿನ್ ಸೇರಿಸಿದರೆ ಪೋರ್ಟಲ್ ಆಗುತ್ತದೆ, ಪೋರ್ಟಲ್‌ಗೆ ಖರೀದಿಯ ಗುಂಡಿ ಸೇರಿಸಿದರೆ ಅಂಗಡಿಯಾಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ವ್ಯತ್ಯಾಸ ಇರುವುದು ಗುಂಡಿಗಳಲ್ಲಿ ಅಲ್ಲವೇ ಅಲ್ಲ. ಒಂದು ಪುಟಕ್ಕೆ ಕೋರಿಕೆ ಬಂದಾಗ, ಕೇಳಿದವರು ಯಾರೆಂದು ತಿಳಿಯದೆಯೇ ಉತ್ತರ ಕೊಡಬಹುದೇ, ಅಥವಾ ಅವರನ್ನು ಗುರುತಿಸಿದ ಮೇಲೆಯೇ ಉತ್ತರ ಹುಟ್ಟುತ್ತದೆಯೇ ಎಂಬುದರಲ್ಲಿ ಇದೆ.

ವೆಬ್ ಹುಟ್ಟಿದ್ದೇ ಮರೆವಿನೊಂದಿಗೆ. ಬ್ರೌಸರ್ ಒಂದು ಪುಟ ಕೇಳುತ್ತದೆ, ತಾಣವನ್ನು ಇಟ್ಟುಕೊಂಡಿರುವ ಸರ್ವರ್ ಎಂಬ ಕಂಪ್ಯೂಟರ್ ಕೊಡುತ್ತದೆ, ಅಲ್ಲಿಗೆ ಆ ಮಾತುಕತೆ ಮುಗಿಯಿತು. ಮರುಕ್ಷಣ ಅದೇ ಬ್ರೌಸರ್ ಎರಡನೆಯ ಪುಟ ಕೇಳಿದರೆ, ಮೊದಲು ಬಂದವರೇ ಇವರು ಎಂಬುದು ಎಚ್‌ಟಿಟಿಪಿ ಎಂಬ ಆ ನಿಯಮಾವಳಿಯ ಪ್ರಕಾರ ಸರ್ವರ್‌ಗೆ ತಿಳಿಯಬೇಕಾಗಿಲ್ಲ. ಓದುವ ಕೆಲಸಕ್ಕೆ ಇದರಿಂದ ತೊಂದರೆಯಿಲ್ಲ. ಕೊಳ್ಳುವ ಕೆಲಸಕ್ಕೆ ತೊಂದರೆಯಿದೆ, ಏಕೆಂದರೆ ಆರಿಸಿಟ್ಟ ವಸ್ತು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಮರೆತುಹೋಗುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮೊಂಟುಲಿ ಇದಕ್ಕೆ ಕಂಡುಕೊಂಡ ಪರಿಹಾರವೇ ಕುಕಿ. ಸರ್ವರ್ ಒಂದು ಸಣ್ಣ ಗುರುತುಚೀಟಿಯನ್ನು ಬ್ರೌಸರ್ ಕೈಗೆ ಕೊಡುತ್ತದೆ, ಬ್ರೌಸರ್ ಪ್ರತಿ ಬಾರಿ ಬಂದಾಗಲೂ ಅದನ್ನು ತೋರಿಸುತ್ತದೆ. ಆಗ ಜಾಲದಲ್ಲಿ ಅಂಗಡಿ ತೆರೆಯಲು ಬಯಸಿದ್ದ ಎಂಸಿಐ ಎಂಬ ದೂರವಾಣಿ ಸಂಸ್ಥೆ, ಬ್ರೌಸರ್ ತಯಾರಿಸುತ್ತಿದ್ದ ನೆಟ್‌ಸ್ಕೇಪ್‌ನ ಗ್ರಾಹಕ, ಅರ್ಧಕ್ಕೆ ನಿಂತ ಖರೀದಿಗಳ ನೆನಪನ್ನು ತನ್ನ ಸರ್ವರ್‌ಗಳಲ್ಲಿ ಹೊತ್ತುಕೊಳ್ಳಲು ಬಯಸಿರಲಿಲ್ಲ. ಹಾಗಾಗಿ ಆ ನೆನಪಿನ ಭಾರವನ್ನು ಕೊಳ್ಳುವವರ ಯಂತ್ರಕ್ಕೇ ವರ್ಗಾಯಿಸಲಾಯಿತು. ಈ ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಜಾಲದ ಅಂಗಡಿ ಮೊದಲ ದಿನದಿಂದಲೂ ಅಪರಿಚಿತರನ್ನು ಅಪರಿಚಿತರನ್ನಾಗಿಯೇ ಉಳಿಸಿಕೊಂಡು ಮಾರುವ ಕಲೆಯನ್ನು ಕಲಿಯುತ್ತ ಬಂದಿದೆ.

ಅದೇ 1994ರಲ್ಲಿ ಫೆಡ್‌ಎಕ್ಸ್ ಸಂಸ್ಥೆ ತನ್ನ ಜಾಲತಾಣದಲ್ಲಿ ಪಾರ್ಸೆಲ್‌ನ ಜಾಡು ನೋಡುವ ಸೌಲಭ್ಯ ತೆರೆಯಿತು. ಅಲ್ಲಿ ಮಾರಾಟ ಆಗಲೇ ಮುಗಿದುಹೋಗಿದೆ. ಬಂದವರು ಕೇಳುತ್ತಿರುವುದು, ನಿಮ್ಮಲ್ಲಿ ಏನಿದೆ ಎಂದಲ್ಲ, ನನ್ನದು ಎಲ್ಲಿದೆ ಎಂದು. ಪೋರ್ಟಲ್‌ನ ಜೀವ ಈ ‘ನನ್ನದು’ ಎಂಬ ಪದದಲ್ಲಿದೆ. ಇದರ ವಂಶಾವಳಿ ವೆಬ್‌ಗಿಂತ ಬಹಳ ಹಳೆಯದು. 1948ರಲ್ಲಿ ಬರ್ಲಿನ್ ನಗರಕ್ಕೆ ವಿಮಾನಗಳಲ್ಲಿ ಸಾಮಗ್ರಿ ಸಾಗಿಸಬೇಕಾಗಿ ಬಂದಾಗ, ಅಮೆರಿಕದ ಸೇನೆಯ ಎಡ್ವರ್ಡ್ ಗಿಲ್ಬರ್ಟ್ ಎಂಬ ಅಧಿಕಾರಿ ಸರಕಿನ ಪಟ್ಟಿಗಳಿಗೆ ಒಂದು ಸಮಾನ ನಮೂನೆ ರೂಪಿಸಲು ನೆರವಾದರು. ಟೆಲೆಕ್ಸ್‌ನಲ್ಲಾಗಲಿ ದೂರವಾಣಿಯಲ್ಲಾಗಲಿ ಆ ಪಟ್ಟಿಯನ್ನು ತಪ್ಪಿಲ್ಲದೆ ದಾಟಿಸಬಹುದಾಗಿತ್ತು. ಮುಂದೆ ಸಂಸ್ಥೆ ಸಂಸ್ಥೆಗಳ ನಡುವೆ ಖರೀದಿ ಆದೇಶ, ಇನ್‌ವಾಯ್ಸ್‌ಗಳನ್ನು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಕಳಿಸುವ ಇಡಿಐ ಪದ್ಧತಿ ಬೆಳೆದದ್ದು ಈ ಬಗೆಯ ಅನುಭವದಿಂದಲೇ. ಅಂಗಡಿಯ ಕಡೆಯ ಪೂರ್ವಜರನ್ನು ಹುಡುಕಿದರೆ, 1979ರಲ್ಲಿ ಬ್ರಿಟನ್ನಿನ ಮೈಕೆಲ್ ಆಲ್ಡ್ರಿಚ್ ಮಾರ್ಪಡಿಸಿದ ಟಿವಿಯೊಂದನ್ನು ದೂರವಾಣಿ ತಂತಿಯ ಮೂಲಕ ವಹಿವಾಟಿನ ಕಂಪ್ಯೂಟರಿಗೆ ಜೋಡಿಸಿದ್ದು ಸಿಗುತ್ತದೆ. ಒಂದು ಧಾರೆ ಗೊತ್ತಿರುವವರ ನಡುವಿನ ಕಾಗದಪತ್ರದಿಂದ ಹೊರಟಿತು, ಇನ್ನೊಂದು ಮನೆಮನೆಯಲ್ಲಿದ್ದ ಪರದೆಯಿಂದ.

ಈಗ ನಾನು ಹೇಳಲೇಬೇಕೆಂದಿರುವ ಯಂತ್ರರಹಸ್ಯಕ್ಕೆ ಬರುತ್ತೇನೆ. ಅಂಗಡಿಯ ಪುಟವನ್ನು ನಕಲು ಮಾಡಿ ಇಡಬಹುದು. ಪೋರ್ಟಲ್‌ನ ಪುಟವನ್ನು ಪ್ರತಿ ಸಲವೂ ಮೂಲವನ್ನೇ ಕೇಳಿ ತರಬೇಕು. ಅಂಗಡಿಯ ಪುಟ ಪಠ್ಯಪುಸ್ತಕವಿದ್ದಂತೆ, ಒಂದನ್ನು ಅಚ್ಚು ಹಾಕಿ ಲಕ್ಷ ಜನರಿಗೆ ಹಂಚಬಹುದು. ಪೋರ್ಟಲ್‌ನ ಪುಟ ಅಂಕಪಟ್ಟಿಯಿದ್ದಂತೆ, ಒಬ್ಬರದನ್ನು ಇನ್ನೊಬ್ಬರಿಗೆ ಕೊಟ್ಟರೆ ಅದು ಸುಳ್ಳಾಗುತ್ತದೆ. ರೈಲಿನ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಬಹುದು, ಆದರೆ ನಿಮ್ಮ ಕಾಯ್ದಿರಿಸಿದ ಆಸನ ಯಾವುದೆಂಬುದು ಗೋಡೆಯ ಮೇಲೆ ಇರುವ ಸಂಗತಿಯಲ್ಲ. ಆಸ್ಪತ್ರೆಯ ಬಾಗಿಲಲ್ಲಿ ವೈದ್ಯರ ಸಮಯದ ಫಲಕವಿರುತ್ತದೆ, ರೋಗಿಯ ಕಡತ ಒಳಗೆ ಬೀರುವಿನಲ್ಲಿರುತ್ತದೆ.

ನಕಲು ಮಾಡುವ ಈ ಸೌಲಭ್ಯ ಎಷ್ಟು ದೊಡ್ಡದೆಂದು ಅರಿಯಲು ಬೆಳಕಿನ ವೇಗವನ್ನು ನೆನೆಯಬೇಕು. ಜಾಲದ ಮಾಹಿತಿಯನ್ನು ಹೊತ್ತೊಯ್ಯುವ ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಸರ್ವರ್ 10,000 ಕಿಲೋಮೀಟರ್ ದೂರದಲ್ಲಿದ್ದರೆ ಹೋಗಿ ಬರುವುದಕ್ಕೇ ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು, ಮತ್ತು ಒಂದು ಪುಟ ಮೂಡಲು ಇಂಥ ಅನೇಕ ಪ್ರಯಾಣಗಳು ನಡೆಯುತ್ತವೆ. ಎಷ್ಟು ಬೆಲೆಬಾಳುವ ಯಂತ್ರ ಕೊಂಡರೂ ಈ ಮಿತಿಯನ್ನು ದಾಟಲಾಗದು. ದಾರಿಯನ್ನು ಗಿಡ್ಡ ಮಾಡಬಹುದು, ಅಷ್ಟೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಟಾಮ್ ಲೈಟನ್ ಮತ್ತು ಡ್ಯಾನಿ ಲೆವಿನ್ 1998ರಲ್ಲಿ ಅಕಮಾಯ್ ಸಂಸ್ಥೆ ಕಟ್ಟಿದ್ದು ಇದೇ ಲೆಕ್ಕಾಚಾರದ ಮೇಲೆ: ಪುಟಗಳ ಪ್ರತಿಗಳನ್ನು ಓದುಗರ ಸಮೀಪದ ಸರ್ವರ್‌ಗಳಲ್ಲಿ ಇಟ್ಟುಬಿಡುವುದು. ಇ-ಕಾಮರ್ಸ್ ವೇದಿಕೆಗಳ ಒಳರಚನೆಯ ಬಹುಭಾಗ ಈ ನಕಲಿನ ಶಕ್ತಿಯನ್ನು ನಂಬಿ ನಿಂತಿದೆ. ಹಬ್ಬದ ಮಾರಾಟದ ದಿನ ನೂರು ಪಟ್ಟು ಜನ ಬಂದರೂ ವಸ್ತುವಿನ ಚಿತ್ರ, ವಿವರ, ಬೆಲೆ ನಕಲುಗಳಿಂದಲೇ ಹೊರಡುತ್ತವೆ, ಮೂಲದ ಡೇಟಾಬೇಸ್‌ಗೆ ಆ ನೂಕುನುಗ್ಗಲಿನ ಅರಿವೇ ಆಗುವುದಿಲ್ಲ.

ಪೋರ್ಟಲ್‌ಗೆ ಈ ವರ ಇಲ್ಲ, ಮತ್ತು ಇದೆಯೆಂದು ಭ್ರಮಿಸಿದರೆ ಅಪಾಯ. 2015ರ ಡಿಸೆಂಬರ್ 25ರಂದು ಸ್ಟೀಮ್ ಎಂಬ ಆಟಗಳ ಮಾರಾಟ ತಾಣದ ಮೇಲೆ ಕೋರಿಕೆಗಳ ಮಳೆ ಸುರಿಸಿ ಕುಸಿಯುವಂತೆ ಮಾಡುವ ದಾಳಿ ನಡೆದಾಗ, ಹೊರೆ ಇಳಿಸಲೆಂದು ಪ್ರತಿಗಳ ಸಂಗ್ರಹದ ನಿಯಮಗಳನ್ನು ಬದಲಿಸಲಾಯಿತು. ಆ ಬದಲಾವಣೆಯಲ್ಲಿ ತಪ್ಪೊಂದು ನುಸುಳಿತು. ಒಬ್ಬರಿಗೆಂದು ತಯಾರಾದ ಖಾತೆಯ ಪುಟ ನಕಲಾಗಿ ಉಳಿದು ಇನ್ನೊಬ್ಬರ ಪರದೆಯಲ್ಲಿ ಮೂಡಿತು. ಸುಮಾರು 34,000 ಬಳಕೆದಾರರ ವಿವರ ಹೀಗೆ ಬೇರೆಯವರಿಗೆ ಕಂಡಿರಬಹುದು ಎಂದು ಸಂಸ್ಥೆಯೇ ಹೇಳಿತು. ಅಲ್ಲಿ ಯಾರೂ ಪಾಸ್‌ವರ್ಡ್ ಕದಿಯಲಿಲ್ಲ. ಅಂಗಡಿಯ ಪುಟಕ್ಕೆ ಒಪ್ಪುವ ನಿಯಮ ಖಾತೆಯ ಪುಟಕ್ಕೆ ತಗಲಿತು, ಅಷ್ಟರಿಂದಲೇ ಅನಾಹುತವಾಯಿತು.

ಇದರ ಇನ್ನೊಂದು ಮುಖವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗ್ರಾಹಕರು ಲಾಗಿನ್ ಆಗಿ ತಮ್ಮ ಇನ್‌ವಾಯ್ಸ್ ನೋಡಬಹುದಾದ ಒಂದು ತಾಣವನ್ನು ಪರಿಶೀಲಿಸುತ್ತಿದ್ದೆ. ಅದು ಅಂಗಡಿಯ ತಂತ್ರಾಂಶವನ್ನೇ ತಿದ್ದಿ ಪೋರ್ಟಲ್ ಮಾಡಿದ್ದ ತಾಣ. ಬ್ರೌಸರಿನ ಮೇಲೆ ಕಾಣುವ ಪುಟದ ವಿಳಾಸದ ಕೊನೆಯಲ್ಲಿ ಇನ್‌ವಾಯ್ಸ್‌ನ ಸಂಖ್ಯೆ ಕಾಣುತ್ತಿತ್ತು. ಅದರ ಕೊನೆಯ ಅಂಕಿ 7 ಇದ್ದದ್ದನ್ನು 8 ಮಾಡಿ ಎಂಟರ್ ಒತ್ತಿದೆ. ಬೇರೊಂದು ಸಂಸ್ಥೆಯ ಹೆಸರು, ಅವರು ಕೊಂಡ ವಸ್ತುಗಳು, ಅವರಿಗೆ ಸಿಕ್ಕ ರಿಯಾಯಿತಿ ಎಲ್ಲವೂ ಸ್ವಚ್ಛವಾಗಿ ತೆರೆದುಕೊಂಡವು. ತಾಣ ಕಟ್ಟಿದವರು ಅಜಾಗರೂಕರಾಗಿರಲಿಲ್ಲ. ಲಾಗಿನ್ ಬಲವಾಗಿಯೇ ಇತ್ತು. ಆದರೆ ಇವರು ಯಾರು ಎಂದು ಕೇಳುವುದು ಒಂದು, ಇವರಿಗೆ ಈ ಕಾಗದ ನೋಡುವ ಹಕ್ಕಿದೆಯೇ ಎಂದು ಕೇಳುವುದು ಇನ್ನೊಂದು. ಅಂಗಡಿಯಲ್ಲಿ ವಸ್ತುವಿನ ಸಂಖ್ಯೆ 7 ಇದ್ದದ್ದನ್ನು 8 ಮಾಡಿದರೆ ಪಕ್ಕದ ವಸ್ತು ಕಾಣುತ್ತದೆ, ಮಾಲೀಕರಿಗೆ ಸಂತೋಷವೇ. ಹಾಗಾಗಿ ಎರಡನೆಯ ಪ್ರಶ್ನೆಯನ್ನು ಪ್ರತಿ ದಾಖಲೆಗೂ ಕೇಳುವ ಅಭ್ಯಾಸ ಅಂಗಡಿಯ ತಂತ್ರಾಂಶದ ರಕ್ತದಲ್ಲೇ ಇರುವುದಿಲ್ಲ. ಜಾಲ ಸುರಕ್ಷತೆಯ ಕುರಿತು ಕೆಲಸ ಮಾಡುವ ಒವಾಸ್ಪ್ ಸಂಸ್ಥೆ 2021ರ ತನ್ನ ಹತ್ತು ಪ್ರಮುಖ ಅಪಾಯಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಕೊಟ್ಟಿದ್ದು ಪ್ರವೇಶ ನಿಯಂತ್ರಣದ ಇಂಥ ಲೋಪಗಳಿಗೇ.

ಬೆಲೆಯ ವಿಚಾರವೂ ಹೊರಗೆ ಸರಳವಾಗಿ ಕಂಡು ಒಳಗೆ ಗಂಟುಗಂಟಾಗಿದೆ. ಅಂಗಡಿಯಲ್ಲಿ ವಸ್ತು ಗೊತ್ತಾದರೆ ಬೆಲೆ ಗೊತ್ತು. ಸಗಟು ವ್ಯವಹಾರದಲ್ಲಿ ವಸ್ತು, ಗ್ರಾಹಕ, ಪ್ರಮಾಣ, ಒಪ್ಪಂದದ ಅವಧಿ ನಾಲ್ಕೂ ಗೊತ್ತಾದ ಮೇಲೆಯೇ ಬೆಲೆ ಹುಟ್ಟುತ್ತದೆ. 1,000 ವಸ್ತು, 500 ಗ್ರಾಹಕರು, ಪ್ರಮಾಣದ 5 ಹಂತ ಎಂದಿಟ್ಟುಕೊಂಡರೆ 25 ಲಕ್ಷ ಬೆಲೆಗಳಾದವು. ಇಷ್ಟನ್ನೂ ಬರೆದಿಡುವ ಬದಲು ನಿಯಮಗಳನ್ನು ಬರೆದು ಕೇಳಿದಾಗ ಲೆಕ್ಕ ಹಾಕಬೇಕಾಗುತ್ತದೆ, ಮತ್ತು ಆಗ ನಿಯಮಗಳ ಅನುಕ್ರಮವೂ ಮುಖ್ಯವಾಗುತ್ತದೆ. 1,000ದಲ್ಲಿ ಮೊದಲು ಶೇಕಡ 10 ಕಳೆದು ನಂತರ 100 ಕಳೆದರೆ 800 ಉಳಿಯುತ್ತದೆ. ಮೊದಲು 100 ಕಳೆದು ನಂತರ ಶೇಕಡ 10 ಕಳೆದರೆ 810. ಲೆಕ್ಕಪತ್ರದ ತಂತ್ರಾಂಶ ಒಂದು ಕ್ರಮವನ್ನೂ ಜಾಲತಾಣ ಇನ್ನೊಂದು ಕ್ರಮವನ್ನೂ ಹಿಡಿದರೆ ಪ್ರತಿ ಇನ್‌ವಾಯ್ಸ್‌ನಲ್ಲೂ ಜಗಳ ಹುಟ್ಟುತ್ತದೆ. ಪೋರ್ಟಲ್ ಎಂಬುದು ಈ ಲೆಕ್ಕವನ್ನು ತಾನು ಹಾಕಲು ಹೋಗದೆ, ಒಳಗಿನ ಮೂಲ ಪುಸ್ತಕವನ್ನು ಕೇಳಿ ಹೇಳುವ ಕಿಟಕಿಯಾಗಿರಬೇಕು.

ಹಾಗೆ ಮೂಲವನ್ನು ಕೇಳುವಾಗ ಪುಟ ನಿಧಾನವಾಗುವುದು ಸಹಜ. ಆ ನಿಧಾನವನ್ನು ಕಂಡು ಇನ್ನೂ ದೊಡ್ಡ ಅಂಗಡಿ ವೇದಿಕೆಗೆ ಹಣ ಸುರಿಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಜ್ವರ ಇರುವುದು ಮೂಲ ಡೇಟಾಬೇಸ್‌ನಲ್ಲಿ, ಅದರಲ್ಲಿ ಬೇಗ ಹುಡುಕಲು ಬೇಕಾದ ಸೂಚಿಗಳಲ್ಲಿ (ಇಂಡೆಕ್ಸ್), ಅದಕ್ಕೂ ಜಾಲತಾಣಕ್ಕೂ ನಡುವಿನ ಕೊಂಡಿಯಲ್ಲಿ.

ಎರಡೂ ಬಗೆಯ ತಾಣಗಳಿಗೆ ಸಮಾನವಾದ ಒಂದು ಕಷ್ಟವಿದೆ: ಕೊನೆಯ ಒಂದು ವಸ್ತು. ಇಬ್ಬರು ಒಂದೇ ಕ್ಷಣದಲ್ಲಿ ಗುಂಡಿ ಒತ್ತುತ್ತಾರೆ. ಮೊದಲನೆಯವರ ಕೋರಿಕೆ ದಾಸ್ತಾನು 1 ಎಂದು ಓದುತ್ತದೆ. ಅದು 0 ಎಂದು ಬರೆಯುವ ಮೊದಲೇ ಎರಡನೆಯ ಕೋರಿಕೆಯೂ 1 ಎಂದು ಓದಿಬಿಡುತ್ತದೆ. ಇಬ್ಬರಿಗೂ ಮಾರಾಟವಾಯಿತು, ವಸ್ತು ಒಂದೇ. ವಿಮಾನದ ಆಸನಗಳನ್ನು ಕೈಬರಹದ ಚೀಟಿಗಳಲ್ಲಿ ಕಾಯ್ದಿರಿಸುತ್ತಿದ್ದ ಕಾಲದಲ್ಲೂ ಇದೇ ಗೋಳಿತ್ತು. 1953ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಅಧ್ಯಕ್ಷ ಸಿ. ಆರ್. ಸ್ಮಿತ್ ಮತ್ತು ಐಬಿಎಂನ ಮಾರಾಟಗಾರ ಬ್ಲೇರ್ ಸ್ಮಿತ್ ವಿಮಾನವೊಂದರಲ್ಲಿ ಅಕ್ಕಪಕ್ಕ ಕುಳಿತು ಮಾತಿಗೆ ತೊಡಗಿದ್ದರಿಂದ ಆರಂಭವಾದ, ಆಸನಗಳನ್ನು ಕಂಪ್ಯೂಟರಿನಲ್ಲಿ ಕಾಯ್ದಿರಿಸುವ ಸೇಬರ್ ವ್ಯವಸ್ಥೆ 1964ರ ಹೊತ್ತಿಗೆ ಪೂರ್ಣವಾಗಿ ಕೆಲಸಕ್ಕೆ ನಿಂತಿತು. ಓದುವುದು ಮತ್ತು ಬರೆಯುವುದು ಎರಡೂ ಒಂದೇ ಉಸಿರಿನಲ್ಲಿ ನಡೆಯಬೇಕು, ನಡುವೆ ಬೇರೆ ಯಾರೂ ನುಗ್ಗಬಾರದು ಎಂಬ ಟ್ರಾನ್ಸಾಕ್ಷನ್ ಪರಿಕಲ್ಪನೆಯನ್ನು ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ ಅಂಥವರು ಮುಂದೆ ಶಾಸ್ತ್ರೀಯವಾಗಿ ಕಟ್ಟಿಕೊಟ್ಟರು. ಇದು ಇಂದು ಎಲ್ಲ ಒಳ್ಳೆಯ ಡೇಟಾಬೇಸ್‌ಗಳಲ್ಲೂ ಸಿಗುತ್ತದೆ. ಆದ್ದರಿಂದ ವೇದಿಕೆ ಆರಿಸುವಾಗ ಇದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ದಾಸ್ತಾನಿನ ಲೆಕ್ಕ ಎರಡು ಕಡೆ ಇದ್ದರೆ ಮಾತ್ರ ಯಾವ ಡೇಟಾಬೇಸೂ ಕಾಪಾಡದು.

ಹಣ ಕೈಬದಲಾಗುವ ಕ್ಷಣವೂ ಎರಡರಲ್ಲಿ ಬೇರೆ. ಅಪರಿಚಿತರು ಆಗಲೇ ಪಾವತಿಸಬೇಕು. ಹಾಗಾಗಿ ಕಾರ್ಡ್ ವಿವರಗಳ ರಕ್ಷಣೆ, ಅದಕ್ಕೆಂದೇ 2004ರಿಂದ ಜಾರಿಯಲ್ಲಿರುವ ಪಿಸಿಐ ಮಾನದಂಡ, ಪಾವತಿ ಸೇವೆಯವರೊಂದಿಗಿನ ಜೋಡಣೆ ಎಲ್ಲವೂ ಅಂಗಡಿ ವೇದಿಕೆಯಲ್ಲಿ ಸಿದ್ಧವಾಗಿ ಬರುತ್ತವೆ, ಅದನ್ನು ಸ್ವಂತವಾಗಿ ಕಟ್ಟುವುದು ವ್ಯರ್ಥ ಶ್ರಮ. ಪರಿಚಿತರು ತಿಂಗಳ ಕೊನೆಯಲ್ಲಿ ಕೊಡುತ್ತಾರೆ, ಸಾಲದ ಮಿತಿ ಇರುತ್ತದೆ, ಆರ್ಡರ್ ಬರೆಯುವವರೊಬ್ಬರು ಒಪ್ಪಿಗೆ ಕೊಡುವವರೊಬ್ಬರು ಇರುತ್ತಾರೆ. ಒಂದೇ ಖಾತೆಯೊಳಗೆ ನಾಲ್ಕು ಜನ, ನಾಲ್ಕು ಬಗೆಯ ಅಧಿಕಾರ. ಅಂಗಡಿ ವೇದಿಕೆಗೆ ಗ್ರಾಹಕ ಎಂದರೆ ಒಂದು ಇಮೇಲ್ ವಿಳಾಸ. ಪೋರ್ಟಲ್‌ಗೆ ಗ್ರಾಹಕ ಎಂದರೆ ಒಂದು ಸಂಸ್ಥೆ. ಕೆಲವು ವೇದಿಕೆಗಳು ಈಗ ಎರಡನ್ನೂ ಕೊಡುತ್ತವೆ, ಆದರೆ ಮೊದಲ ಕಲ್ಪನೆಯ ಮೇಲೆ ಎರಡನೆಯದನ್ನು ಹೊಲಿದ ಕಡೆ ಹೊಲಿಗೆ ಎಲ್ಲಿದೆ ಎಂದು ಬೆರಳಿಟ್ಟು ನೋಡುವುದು ಅಗತ್ಯ.

ನಿಮಗೆ ಬೇಕಾದದ್ದು ಯಾವುದೆಂದು ತಿಳಿಯಲು ಸೌಲಭ್ಯಗಳ ಪಟ್ಟಿಗಿಂತ ನಂಬಬಹುದಾದ ಪರೀಕ್ಷೆ ಇದೆ. ಒಂದು ವಾರದಲ್ಲಿ ಗ್ರಾಹಕರಿಂದ ಬಂದ ಕರೆಗಳನ್ನೂ ಇಮೇಲ್‌ಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, ಒಂದೊಂದರ ಮುಂದೆಯೂ ಇದಕ್ಕೆ ಕೇಳಿದವರ ಹೆಸರು ತಿಳಿಯದೆ ಉತ್ತರಿಸಬಹುದಿತ್ತೇ ಎಂದು ಗುರುತು ಹಾಕಿ. ಈ ಅಳತೆಯದು ಇದೆಯೇ, ಎಷ್ಟು ದಿನದಲ್ಲಿ ತಲುಪುತ್ತದೆ, ಹಿಂದಿರುಗಿಸಬಹುದೇ ಎಂಬಂಥವೇ ಹೆಚ್ಚಾಗಿದ್ದರೆ ನಿಮಗೆ ಬೇಕಾದದ್ದು ಅಂಗಡಿ. ನಮ್ಮ ಆರ್ಡರ್ ಎಲ್ಲಿಗೆ ಬಂತು, ಕಳೆದ ತಿಂಗಳ ಇನ್‌ವಾಯ್ಸ್ ಮತ್ತೊಮ್ಮೆ ಕಳಿಸಿ, ಹೋದ ಸಲದ್ದೇ ಮತ್ತೆ ಬೇಕು, ನಮ್ಮ ದೂರು ಏನಾಯಿತು ಎಂಬವೇ ತುಂಬಿದ್ದರೆ ಪೋರ್ಟಲ್. ಎರಡನೆಯ ಬಗೆಯ ಕರೆಗಳನ್ನು ಸ್ವೀಕರಿಸಿ ಕಡತ ಹುಡುಕಿ ಉತ್ತರ ಹೇಳುವ ಸಿಬ್ಬಂದಿಯ ಶ್ರಮ ಯಾವ ಮಾರಾಟದ ವರದಿಯಲ್ಲೂ ಕಾಣುವುದಿಲ್ಲ. ಅದಕ್ಕೇ ಪೋರ್ಟಲ್‌ನ ಅಗತ್ಯ ಮಾಲೀಕರಿಗಿಂತ ಮೊದಲು ದೂರವಾಣಿಯ ಬಳಿ ಕುಳಿತವರಿಗೆ ಅರಿವಾಗುತ್ತದೆ. ಅವರನ್ನು ಕೇಳದೆ ತಂತ್ರಾಂಶ ಕೊಳ್ಳಬಾರದು.

ಎರಡೂ ಬೇಕಾದ ವ್ಯವಹಾರಗಳೂ ಇವೆ. ಆಗ ವಸ್ತುಗಳ ವಿವರ ಹೊರಗಿರಲಿ, ಬೆಲೆ, ಸಾಲ, ಇತಿಹಾಸ ಒಳಗಿರಲಿ, ಮತ್ತು ಎರಡೂ ಬಾಗಿಲುಗಳು ದಾಸ್ತಾನಿಗೆ ಒಂದೇ ಪುಸ್ತಕವನ್ನು ಓದಲಿ. ಸಹಿ ಹಾಕುವ ಮುನ್ನ ಮಾರುವವರಿಂದ ಒಂದು ಸಂಗತಿಯನ್ನು ಬರಹದಲ್ಲಿ ಪಡೆದುಕೊಳ್ಳಿ: ಮುಂದೊಂದು ದಿನ ಈ ವೇದಿಕೆ ಬಿಟ್ಟು ಹೋಗುವಾಗ ಆರ್ಡರುಗಳ ಇತಿಹಾಸ ಯಾವ ರೂಪದಲ್ಲಿ ಕೈಗೆ ಸಿಗುತ್ತದೆ ಎಂಬುದು. ವಸ್ತುಗಳ ಪಟ್ಟಿ ಸುಲಭವಾಗಿ ವರ್ಗವಾಗುತ್ತದೆ. ಪಾಸ್‌ವರ್ಡ್‌ಗಳು ಮೂಲ ರೂಪದಲ್ಲಿ ಎಲ್ಲಿಯೂ ಇರಬಾರದು; ಅವನ್ನು ಮರಳಿ ಬಿಡಿಸಲಾಗದ ಹ್ಯಾಶ್‌ ರೂಪದಲ್ಲಿ ಇಟ್ಟಿರುವುದರಿಂದ, ಹೊಸ ವೇದಿಕೆ ಅದೇ ಹ್ಯಾಶ್ ಪದ್ಧತಿಯನ್ನು ಒಪ್ಪದಿದ್ದರೆ ಪ್ರತಿಯೊಬ್ಬ ಗ್ರಾಹಕರೂ ಮತ್ತೊಮ್ಮೆ ಹೊಸದನ್ನು ಹೊಂದಿಸಿಕೊಳ್ಳಬೇಕು. ಅಂಗಡಿಯಾದರೆ ಅದು ಒಂದು ದಿನದ ಕಿರಿಕಿರಿ. ಪೋರ್ಟಲ್ ಆದರೆ, ಆ ದಿನ ಬಾಕಿ ನೋಡಲು, ಒಪ್ಪಿಗೆ ಕೊಡಲು, ಸರಕಿನ ಜಾಡು ಹಿಡಿಯಲು ಬಂದ ಎಲ್ಲರೂ ಬಾಗಿಲಲ್ಲೇ ನಿಲ್ಲುತ್ತಾರೆ, ಮತ್ತು ದೂರವಾಣಿ ಮತ್ತೆ ಮೊಳಗತೊಡಗುತ್ತದೆ.