ಪ್ಲಾನ್ 'ನೋ ಚೇಂಜಸ್' ಅಂದರೂ ಡ್ರಿಫ್ಟ್ ಇರುತ್ತದೆ: ಟೆರಾಫಾರ್ಮ್ ಟಿಪ್ಪಣಿ

ಪುಣೆಯಲ್ಲಿ ಹಿಂಜವಡಿ, ಖರಾಡಿ ಕಡೆ ಕೆಲಸ ಮಾಡುತ್ತಾ ಕ್ಲೌಡ್ ಕಲಿಯುತ್ತಿರುವ ನಮ್ಮ ಕನ್ನಡದ ಗುಂಪಿನಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ ಇದು. ಟೆರಾಫಾರ್ಮ್ ಅಂದರೆ ಕ್ಲೌಡ್‌ನ ಸರ್ವರ್‌ಗಳನ್ನು ಕೋಡ್‌ನಲ್ಲಿ ಬರೆದು ಕಟ್ಟುವ ಸಾಧನ. ಅದರ 'ಪ್ಲಾನ್' ಏನು ಬದಲಾಗಲಿದೆ ಅಂತ ತೋರಿಸುತ್ತದೆ, 'ಅಪ್ಲೈ' ಅದನ್ನು ಮಾಡಿಬಿಡುತ್ತದೆ. ಸರ್ವರ್‌ಗಳೆಲ್ಲ ಕೋಡ್‌ನಲ್ಲೇ ಇವೆ, ಪ್ಲಾನ್ ಓಡಿಸಿದರೆ 'ನೋ ಚೇಂಜಸ್' ಅಂತ ಬರುತ್ತದೆ. ಆದರೂ ಕ್ಲೌಡ್‌ನ ವೆಬ್ ಕನ್ಸೋಲ್ ತೆರೆದು ನೋಡಿದರೆ ಯಾರೋ 22ನೇ ಪೋರ್ಟನ್ನು (ಸರ್ವರ್‌ಗೆ ದೂರದಿಂದ ಲಾಗಿನ್ ಆಗುವ ದಾರಿ) ಊರಿಗೆಲ್ಲ ತೆರೆದಿಟ್ಟಿದ್ದಾರೆ. ಹೇಗೆ? ಕೋಡ್‌ಗೂ ನಿಜವಾದ ಕ್ಲೌಡ್‌ಗೂ ಹೀಗೆ ಬರುವ ವ್ಯತ್ಯಾಸವನ್ನೇ ಡ್ರಿಫ್ಟ್ ಅನ್ನುವುದು.

ಟೆರಾಫಾರ್ಮ್ ಮುಂದೆ ಇರುವುದು ಮೂರು: ನೀವು ಬರೆದ ಕೋಡ್, ಸ್ಟೇಟ್ ಫೈಲ್ (ಟೆರಾಫಾರ್ಮ್ ತಾನು ನೋಡಿಕೊಳ್ಳುವುದರ ಲೆಕ್ಕ ಇಡುವ ಫೈಲ್), ಮತ್ತು ನಿಜವಾದ ಕ್ಲೌಡ್. ಪ್ಲಾನ್ ಮಾಡುವಾಗ ಅದು ಸ್ಟೇಟ್‌ನಲ್ಲಿರುವ ಒಂದೊಂದರ ಸ್ಥಿತಿಯನ್ನೂ ಕ್ಲೌಡ್‌ಗೆ ಕೇಳಿ, ಬಂದ ಉತ್ತರವನ್ನು ಕೋಡ್ ಜೊತೆ ಹೋಲಿಸುತ್ತದೆ. ಸ್ಟೇಟ್‌ನಲ್ಲಿ ಇಲ್ಲದ್ದನ್ನು ಕೇಳುವುದೇ ಇಲ್ಲ. ಸ್ಟಾಕ್ ಪುಸ್ತಕ ಹಿಡಿದು ಗೋಡೌನ್ ಸುತ್ತುವ ಗುಮಾಸ್ತನ ಹಾಗೆ: ಪುಸ್ತಕದಲ್ಲಿರುವ ಮೂಟೆ ಇದೆಯಾ ಅಂತ ಮಾತ್ರ ನೋಡುತ್ತಾನೆ, ಲೆಕ್ಕದಲ್ಲಿಲ್ಲದ ಮೂಟೆ ಕಾಲಿಗೆ ಎಡವಿದರೂ ಬರೆದುಕೊಳ್ಳುವುದಿಲ್ಲ.

ಈಗ ಸೆಕ್ಯುರಿಟಿ ಗ್ರೂಪ್‌ಗೆ (ಸರ್ವರ್‌ಗೆ ಯಾವ ಟ್ರಾಫಿಕ್ ಬರಬಹುದು, ಹೋಗಬಹುದು ಅನ್ನುವ ರೂಲ್‌ಗಳ ಪಟ್ಟಿ) ಬನ್ನಿ, ಇಲ್ಲೇ ಜಾಸ್ತಿ ಜನ ಎಡವುವುದು. ರೂಲ್‌ಗಳನ್ನು ಗ್ರೂಪ್‌ನ ಒಳಗೇ ಇಂಗ್ರೆಸ್ (ಒಳಬರುವ ಟ್ರಾಫಿಕ್‌ನ) ಬ್ಲಾಕ್ ಆಗಿ ಬರೆದರೆ ಇಡೀ ಪಟ್ಟಿ ಟೆರಾಫಾರ್ಮ್‌ನದ್ದು. ಕೈಯಿಂದ ಸೇರಿಸಿದ ರೂಲ್ ಮುಂದಿನ ಪ್ಲಾನ್‌ನಲ್ಲಿ ಸಿಕ್ಕಿಬೀಳುತ್ತದೆ. ಆದರೆ ಒಂದೊಂದು ರೂಲನ್ನೂ ಬೇರೆ ಬೇರೆ ರಿಸೋರ್ಸ್ (ಸ್ಟೇಟ್‌ನಲ್ಲಿ ಪ್ರತ್ಯೇಕ ನಮೂದು) ಆಗಿ ಬರೆದರೆ, ನಾಲ್ಕು ಬರೆದವರಿಗೆ ಆ ನಾಲ್ಕರ ಸುದ್ದಿ ಮಾತ್ರ ಸಿಗುತ್ತದೆ, ಐದನೆಯದನ್ನು ಯಾರು ಸೇರಿಸಿದರೂ ಪ್ಲಾನ್ ಸುಮ್ನೆ ಇರುತ್ತದೆ. ತಮಾಷೆ ಅಂದರೆ ಎಡಬ್ಲ್ಯೂಎಸ್ ಪ್ರೊವೈಡರ್‌ನ (ಟೆರಾಫಾರ್ಮನ್ನು ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ಗೆ ಜೋಡಿಸುವ ಪ್ಲಗಿನ್) ದಾಖಲೆಗಳು ಈಗ ಶಿಫಾರಸು ಮಾಡುವುದು ಈ ಎರಡನೇ ರೀತಿಯನ್ನೇ. ಅದಕ್ಕೆ ಬೇರೆ ಒಳ್ಳೆಯ ಕಾರಣಗಳಿವೆ, ನಾನೂ ಅದನ್ನೇ ಬಳಸಿ ಅನ್ನುತ್ತೇನೆ, ಆದರೆ ಒಂದು ಕಣ್ಣು ಮುಚ್ಚಿದೆ ಅಂತ ಗೊತ್ತಿರಲಿ. ಎರಡನ್ನೂ ಒಂದೇ ಗ್ರೂಪ್‌ನಲ್ಲಿ ಬೆರೆಸಬೇಡಿ. ಒಂದು ಸೇರಿಸಿದ್ದನ್ನು ಇನ್ನೊಂದು ಅಳಿಸುತ್ತಾ ಕೂರುತ್ತದೆ.

ಯಾರೂ ಮುಟ್ಟದೆ ಆಗುವ ಡ್ರಿಫ್ಟ್ ಕೂಡ ಇದೆ. ಆಟೋ ಸ್ಕೇಲಿಂಗ್ ಗ್ರೂಪ್ ಲೋಡ್ ನೋಡಿ ಡಿಸೈರ್ಡ್ ಕೆಪಾಸಿಟಿ, ಅಂದರೆ ಇರಬೇಕಾದ ಸರ್ವರ್‌ಗಳ ಸಂಖ್ಯೆ, ಏರಿಸುತ್ತದೆ. ನಿಮ್ಮ ಕೋಡ್‌ನಲ್ಲಿ 2 ಅಂತಿದ್ದರೆ ಅಪ್ಲೈ ಅದನ್ನು ಮತ್ತೆ 2ಕ್ಕೆ ಇಳಿಸುತ್ತದೆ, ಅದೂ ಟ್ರಾಫಿಕ್ ಜೋರಾಗಿರುವಾಗ. ಇಲ್ಲಿ ಇಗ್ನೋರ್ ಚೇಂಜಸ್ (ಈ ಬದಲಾವಣೆಯನ್ನು ಲೆಕ್ಕಿಸಬೇಡ ಅನ್ನುವ ಸೆಟ್ಟಿಂಗ್) ಸರಿಯಾದ ಮದ್ದು. ಎಡಬ್ಲ್ಯೂಎಸ್‌ನ ಡೇಟಾಬೇಸ್ ಸೇವೆಯಾದ ಆರ್‌ಡಿಎಸ್‌ನಲ್ಲಿ ಮೈನರ್ ವರ್ಶನ್ ತಾನಾಗಿ ಮೇಲೇರಲು ಬಿಟ್ಟು, ಕೋಡ್‌ನಲ್ಲಿ ಪೂರ್ತಿ ವರ್ಶನ್ ಬರೆದಿದ್ದರೆ, ಒಂದು ದಿನ ಪ್ಲಾನ್ ಹಳೆಯದಕ್ಕೆ ಇಳಿಸಲು ಹೊರಡುತ್ತದೆ, ಇದ್ದ ಡೇಟಾಬೇಸನ್ನು ಹಾಗೆ ಇಳಿಸಲು ಆರ್‌ಡಿಎಸ್ ಬಿಡುವುದಿಲ್ಲ. ಹಾಗಂತ ಪ್ಲಾನ್‌ನಲ್ಲಿ ವ್ಯತ್ಯಾಸ ಕಂಡಲ್ಲೆಲ್ಲ ಇಗ್ನೋರ್ ಚೇಂಜಸ್ ತುರುಕುವುದು ಸೋಮಾರಿತನ. ಅದರಲ್ಲಿ 'ಆಲ್' (ಯಾವ ಬದಲಾವಣೆಯನ್ನೂ ಲೆಕ್ಕಿಸಬೇಡ) ಅಂತ ಬರೆದವರ ಕೋಡ್ ನೋಡಿದರೆ ನನಗೆ ಭಯವೇ ಆಗುತ್ತದೆ.

ಸ್ಟೇಟನ್ನು ಕ್ಲೌಡ್‌ಗೆ ಹೊಂದಿಸುವ ಹಳೆಯ 'ಟೆರಾಫಾರ್ಮ್ ರಿಫ್ರೆಶ್' ಕಮಾಂಡ್ ಬಿಟ್ಟುಬಿಡಿ. ಅದು ಕೇಳದೆಯೇ ಸ್ಟೇಟ್ ಬದಲಿಸುತ್ತದೆ. ರೀಜನ್ (ಕ್ಲೌಡ್‌ನ ಸರ್ವರ್‌ಗಳಿರುವ ಪ್ರದೇಶ) ತಪ್ಪಿದ್ದರೆ ಇರುವ ಸರ್ವರೇ ಇಲ್ಲ ಅಂದುಕೊಂಡು ಲೆಕ್ಕದಿಂದ ತೆಗೆದುಬಿಡಬಹುದು. ರಿಫ್ರೆಶ್-ಓನ್ಲಿ ಪ್ಲಾನ್ ಮೊದಲು ತೋರಿಸುತ್ತದೆ, ಆಮೇಲೆ ನೀವು ಒಪ್ಪಬಹುದು. ದಿನಾ ರಾತ್ರಿ ತಾನಾಗಿ ಪ್ಲಾನ್ ಓಡುವಂತೆ ಮಾಡಿ 'ಡೀಟೇಲ್ಡ್ ಎಕ್ಸಿಟ್‌ಕೋಡ್' ಆಯ್ಕೆ ಹಾಕಿ: 0 ಬಂದರೆ ಬದಲಾವಣೆ ಇಲ್ಲ, 1 ಅಂದರೆ ಎರರ್, 2 ಅಂದರೆ ವ್ಯತ್ಯಾಸ ಇದೆ.

2 ಬಂತು ಅಂತ ತಕ್ಷಣ ಅಪ್ಲೈ ಒತ್ತಬೇಡಿ. ಆ ಬದಲಾವಣೆ ಸೈಟ್ ಬಿದ್ದಾಗ ಯಾರೋ ಅವಸರದಲ್ಲಿ ಮಾಡಿದ್ದಿರಬಹುದು, ಅದನ್ನು ತೆಗೆದರೆ ಸೈಟ್ ಮತ್ತೆ ಬೀಳಬಹುದು ಅಲ್ವಾ? ಮೊದಲು ಯಾರು ಮಾಡಿದರು ನೋಡಿ. ಎಡಬ್ಲ್ಯೂಎಸ್‌ನಲ್ಲಿ ಯಾರು ಏನು ಮಾಡಿದರು ಅಂತ ದಾಖಲಿಸುವ ಕ್ಲೌಡ್‌ಟ್ರೇಲ್‌ನ ಇವೆಂಟ್ ಹಿಸ್ಟರಿ 90 ದಿನಗಳದ್ದು ಸಿಗುತ್ತದೆ. 'ಆಥರೈಸ್ ಸೆಕ್ಯುರಿಟಿ ಗ್ರೂಪ್ ಇಂಗ್ರೆಸ್' ಅಂತ ಹುಡುಕಿದರೆ ಪ್ಲಾನ್ ಕಾಣದ ಆ ಐದನೇ ರೂಲ್ ಕೂಡ ಸಿಕ್ಕೀತು. ಈ ಹಿಸ್ಟರಿ ರೀಜನ್ ಪ್ರಕಾರ ಬೇರೆ ಬೇರೆ. ಸರ್ವರ್ ಮುಂಬೈ ರೀಜನ್‌ನಲ್ಲಿದ್ದರೆ ಅಲ್ಲೇ ಹುಡುಕಿ. ಐಎಎಮ್ (ಬಳಕೆದಾರರು, ಅವರ ಅನುಮತಿಗಳು) ಬದಲಾವಣೆ ಆದರೆ ಉತ್ತರ ವರ್ಜೀನಿಯಾ ರೀಜನ್‌ನಲ್ಲಿ ನೋಡಬೇಕು.